ಕೆಂಪು ತಂತಿ, ಹಳದಿ ತಂತಿ

ನಮ್ಮ ಮಾರುತಿ 800ರ ಡ್ಯಾಷ್‌ಬೋರ್ಡಿನ ನಟ್ಟನಡುವೆ ಒಂದು ಖಾಲಿ ಗೂಡಿತ್ತು. ಕಾರು 2008ರ ಮಾಡೆಲ್ಲು, ನಾವು ಕೊಂಡದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಓನರು ಮಾರುವಾಗ ತಮ್ಮ ಸ್ಟೀರಿಯೊ ಬಿಚ್ಚಿಕೊಂಡು, ತಂತಿಗಳನ್ನು ಕತ್ತರಿಸಿ, ತುದಿಗೆ ಕಪ್ಪು ಟೇಪು ಸುತ್ತಿ ಒಳಗೆ ತುರುಕಿ ಕೊಟ್ಟಿದ್ದರು. ಐದು ವರ್ಷ ನಮಗೆ ಅದರ ಚಿಂತೆ ಇರಲಿಲ್ಲ. ಆ ಗೂಡಿನಲ್ಲಿ ಪೆಟ್ರೋಲ್ ಬಂಕಿನ ಚೀಟಿ, ಒಂದು ಬಾಚಣಿಗೆ, ಕಳೆದ ವರ್ಷದಿಂದ ಅಪ್ಪನ ಪೆಪ್ಪರ್‌ಮೆಂಟಿನ ಡಬ್ಬಿ.

ಪೆಪ್ಪರ್‌ಮೆಂಟಿನ ಕಾರಣ ಹೇಳಿಬಿಡುತ್ತೇನೆ. ಅಪ್ಪನ ಎರಡೂ ಕಿಡ್ನಿ ಸೋತಿವೆ. ಸೋಮವಾರ ಮತ್ತು ಗುರುವಾರ ಹುಣಸೂರಿನಿಂದ ಮೈಸೂರಿಗೆ ಡಯಾಲಿಸಿಸ್‌ಗೆ ಹೋಗಬೇಕು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿ ಕೊಟ್ಟಿದ್ದಾರೆ. ಬಾಯಾರಿದಾಗ ಅಪ್ಪ ಒಂದು ಪೆಪ್ಪರ್‌ಮೆಂಟು ಬಾಯಿಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾ ಕೂರುತ್ತಾರೆ. ನನ್ನ ಯಜಮಾನರಿಗೆ ಚಾಮರಾಜನಗರದಲ್ಲಿ ಕೆಲಸ, ಶನಿವಾರ ಬಂದು ಭಾನುವಾರ ಸಂಜೆ ಹೊರಡುತ್ತಾರೆ. ಹಾಗಾಗಿ ಕಾರು ಓಡಿಸುವುದು ನಾನು. ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳಾದ್ದರಿಂದ ರಜೆ ಕೇಳುವ ತಾಪತ್ರಯವಿಲ್ಲ.

ಎಂಟು ಗಂಟೆಯ ಪಾಳಿ. ಆರೂವರೆಗೆ ಮನೆ ಬಿಟ್ಟರೆ ಸರಿಹೋಗುತ್ತದೆ. ಒಂದು ಕಾಲಕ್ಕೆ ಈ ದಾರಿಯಲ್ಲಿ ಅಪ್ಪನ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ಅಂಗಡಿ ಬೋರ್ಡಿನ ಕಾಗುಣಿತ ತಿದ್ದುತ್ತಾ, ಸಿಕ್ಕ ಊರಿಗೆಲ್ಲ ಆ ಹೆಸರು ಹೇಗೆ ಬಂತೆಂದು ಹೇಳುತ್ತಾ ಬರುತ್ತಿದ್ದರು. ಡಯಾಲಿಸಿಸ್ ಶುರುವಾದ ಮೇಲೆ ಮಾತು ನಿಂತುಹೋಯಿತು. ನಾನು ಏನಾದರೂ ಕೇಳಿದರೆ ‘ಹೂಂ’ ಅಷ್ಟೇ. ಹೋಗುವಾಗ ಒಂದು ಗಂಟೆ ಹೂಂ, ಬರುವಾಗ ಒಂದು ಗಂಟೆ ನಿದ್ದೆ.

ಒಂದು ಗುರುವಾರ ಬಿಳಿಕೆರೆಯ ಹತ್ತಿರ ಬರುತ್ತಿದ್ದಾಗ ಅಪ್ಪ ಗಡಿಯಾರ ನೋಡಿಕೊಂಡು, “ಏಳೂ ಐದು” ಎಂದರು. ಮತ್ತೇನೂ ಹೇಳಲಿಲ್ಲ. ನನಗೆ ಅರ್ಥವಾಯಿತು. ನಾನು ಹುಟ್ಟುವ ಮೊದಲಿನಿಂದಲೂ ನಮ್ಮ ಮನೆಯಲ್ಲಿ ಏಳೂ ಐದು ಎಂದರೆ ಆಕಾಶವಾಣಿಯ ಪ್ರದೇಶ ಸಮಾಚಾರ. ಅಪ್ಪನ ಎರಡನೇ ಕಾಫಿ ಅದರ ಜೊತೆಗೇ. ವಾರದಲ್ಲಿ ಎರಡು ದಿನ ಅದು ತಪ್ಪಿಹೋಗುತ್ತಿತ್ತು.

ಮುಂದಿನ ಸಲ ಮೊಬೈಲಿನಲ್ಲಿ ಹಾಕಿಕೊಟ್ಟೆ. 800ರ ಇಂಜಿನ್ನಿನ ಸದ್ದು, ಅಪ್ಪನ ಮಂದ ಕಿವಿ, ಎರಡು ಊರಿನ ಮಧ್ಯೆ ಹೋಗಿಬರುವ ನೆಟ್‌ವರ್ಕು. ಐದು ನಿಮಿಷ ಕಿವಿಗೆ ಹಿಡಿದುಕೊಂಡಿದ್ದು, “ಚೆನ್ನಾಗಿದೆ ಕಣಮ್ಮ” ಎಂದು ಮೊಬೈಲು ವಾಪಸ್ಸು ಕೊಟ್ಟರು. ಅಪ್ಪ ಯಾವುದನ್ನಾದರೂ ತಿದ್ದದೆ ಚೆನ್ನಾಗಿದೆ ಎಂದರೆ ಅದು ಚೆನ್ನಾಗಿಲ್ಲ ಎಂದೇ ಅರ್ಥ.

ಅವರು ಮೆಷೀನಿನ ಮೇಲಿರುವ ನಾಲ್ಕು ಗಂಟೆ ನನಗೆ ಆಸ್ಪತ್ರೆಯ ಬೆಂಚೇ ಗತಿ. ಆ ಹೊತ್ತಿನಲ್ಲಿ ಒಂದು ದಿನ ಶಿವರಾಂಪೇಟೆಯ ಕಡೆ ನಡೆದೆ. ಕೈಯಲ್ಲಿ ಒಂದು ಕಾಗದದ ಪ್ಯಾಟರ್ನು. ರವಿಕೆಗೆ ತೆಗೆಯುವ ಹಾಗೆ ಡ್ಯಾಷ್‌ಬೋರ್ಡಿನ ಗೂಡಿನ ಅಳತೆಯನ್ನು ಕಾಗದದಲ್ಲಿ ಕತ್ತರಿಸಿಕೊಂಡಿದ್ದೆ. ಮೊದಲ ಅಂಗಡಿಯ ಹುಡುಗ ಅದನ್ನು ನೋಡಿ ನಕ್ಕ. “ಸಿಂಗಲ್ ಡಿನ್ ಅನ್ನಿ ಸಾಕು ಮೇಡಂ” ಎಂದ. ಡಿನ್ ಎಂದರೆ ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನ ಮೊದಲಕ್ಷರಗಳಂತೆ. ಕಾರಿನ ಸ್ಟೀರಿಯೊ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಇರಬೇಕೆಂದು ಅವರು ಅಳತೆ ಗೊತ್ತುಮಾಡಿದರು, ಜಗತ್ತೆಲ್ಲ ಅದನ್ನೇ ಹಿಡಿಯಿತು. ಎತ್ತರ ಇಮ್ಮಡಿಯಾದರೆ ಡಬಲ್ ಡಿನ್. ನನ್ನ ಕಾಗದ ಎರಡು ಮಿಲಿಮೀಟರ್ ಹೆಚ್ಚಿತ್ತು. ಹೊಲಿಗೆಯವರ ಅಭ್ಯಾಸ, ಸ್ವಲ್ಪ ಸಡಿಲ ಬಿಡುವುದು.

ಅವನು ತೋರಿಸಿದ್ದು ಅಂಗೈಗಿಂತ ದೊಡ್ಡ ಪರದೆಯ ಡಬಲ್ ಡಿನ್. “ಸಿನಿಮಾ ನೋಡ್ಬೋದು ಮೇಡಂ.” ಗೂಡಿಗೆ ಹಿಡಿಸುವುದಿಲ್ಲ ಎಂದೆ. “ಡ್ಯಾಷ್‌ಬೋರ್ಡ್ ಕುಯ್ದು ಕೂರಿಸ್ತೀವಿ” ಎಂದ. ಅಲ್ಲಿಂದ ಎದ್ದೆ.

ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಎಫ್‌ಎಂ, ಪೆನ್‌ಡ್ರೈವ್, ಬ್ಲೂಟೂತ್ ಇದ್ದ ಸಣ್ಣದು, 1,650 ರೂಪಾಯಿ. ಅದಕ್ಕಿಂತ ಮುನ್ನೂರು ಕಡಿಮೆಯದೂ ಇತ್ತು. ಆದರೆ ಅದರಲ್ಲಿ ಎಲ್ಲವೂ ಅಕ್ಕಿಕಾಳಿನಂಥ ಗುಂಡಿಗಳು. ನನಗೆ ಬೇಕಾದದ್ದು ತಿರುಗಿಸುವ ದಪ್ಪ ಗುಂಡಿ. ಅಪ್ಪನ ಎಡಗೈಯಲ್ಲಿ ಫಿಸ್ಟುಲಾ ಇದೆ, ಸೂಜಿ ಚುಚ್ಚುವ ಜಾಗ. ಆ ಕೈಗೆ ಭಾರ, ಒತ್ತಡ ಏನೂ ಬೀಳಬಾರದು. ಬಲಗೈ ಬೆರಳುಗಳು ಕೆಲವು ದಿನ ಊದಿಕೊಂಡಿರುತ್ತವೆ. ಮುಂದಿನ ಸೀಟಿನಲ್ಲಿ ಕೂತವರಿಗೆ ಬಲಗೈಗೇ ಸ್ಟೀರಿಯೊ ಸಿಗುತ್ತದಲ್ಲ, ಅದೊಂದು ಪುಣ್ಯ. ಅಂಗಡಿಯಲ್ಲೇ 12 ವೋಲ್ಟಿನ ಕರೆಂಟಿಗೆ ಸಿಕ್ಕಿಸಿಸಿ, ಗುಂಡಿ ಹತ್ತು ಸಲ ತಿರುಗಿಸಿ, ಎಫ್‌ಎಂ ಹಿಡಿಸಿ ನೋಡಿದೆ. ಇಂಥ ಅಗ್ಗದವುಗಳಲ್ಲಿ ಮೀಡಿಯಂ ವೇವ್ ಇರುವುದಿಲ್ಲ. ನಮಗೆ ಅದರಿಂದ ನಷ್ಟವಿಲ್ಲ, ಮೈಸೂರು ಆಕಾಶವಾಣಿ ಎಫ್‌ಎಂ 100.6ರಲ್ಲೇ ಸಿಗುತ್ತದೆ. ಸ್ಪೀಕರ್ ಜೋಡಿಗೆ 950.

“ಫಿಟಿಂಗ್‌ಗೆ 800 ಆಗುತ್ತೆ. ಯಜಮಾನರನ್ನ ಕಳಿಸಿಕೊಡಿ, ವಿವರ ಹೇಳ್ತೀವಿ” ಎಂದರು ಅಂಗಡಿಯವರು.

ಸ್ಟೀರಿಯೊದ ಅರ್ಧ ಬೆಲೆ ಕೂಲಿಗೆ! ಹಣವೊಂದೇ ಅಲ್ಲ. ಅಂಗಡಿಯ ಮುಂದೆ ಮೂರು ಗಂಟೆ ಕಾರು ಬಿಡಬೇಕು, ಡಯಾಲಿಸಿಸ್ ಮುಗಿಸಿದ ಅಪ್ಪನನ್ನು ಅಲ್ಲಿ ಕೂರಿಸಲು ಸಾಧ್ಯವಿಲ್ಲ. ನಿಜ ಹೇಳಬೇಕೆಂದರೆ ಆ ‘ಯಜಮಾನರನ್ನ ಕಳಿಸಿಕೊಡಿ’ ಎಂಬ ಮಾತೂ ಚುಚ್ಚಿತು. ನನ್ನ ಹೊಲಿಗೆ ಮೆಷೀನನ್ನು ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸುವವಳು ನಾನೇ. “ಯಾವ ತಂತಿ ಯಾವುದು ಅಂತ ನನಗೇ ಹೇಳಿ” ಎಂದೆ. ಅವರು ಬೇಸರಿಸಲಿಲ್ಲ, ರಟ್ಟಿನ ಡಬ್ಬಿಯ ಮೇಲೆ ಬರೆದುಕೊಟ್ಟರು. ಹಳದಿ, ಬ್ಯಾಟರಿಯಿಂದ ನೇರ. ಕೆಂಪು, ಕೀ ತಿರುಗಿಸಿದಾಗ ಮಾತ್ರ. ಕಪ್ಪು, ಬಾಡಿಗೆ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರಿಗೆ. ಕಪ್ಪು ಗೆರೆ ಇದ್ದದ್ದು ಮೈನಸ್.

ಅದೇ ಡಬ್ಬಿಯ ಮೇಲೆ 60 ವ್ಯಾಟ್ ಗುಣಿಸು 4 ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಒಂಬತ್ತನೇ ಕ್ಲಾಸಿನ ನನ್ನ ಮಗ ಸ್ಟೀರಿಯೊದ ಬೆನ್ನಿನಲ್ಲಿದ್ದ ಫ್ಯೂಸ್ ನೋಡಿದ. ಹತ್ತು ಆಂಪಿಯರ್. ಕಾರು ಓಡುವಾಗ ಹೆಚ್ಚೆಂದರೆ 14 ವೋಲ್ಟ್. ಗುಣಿಸಿದರೆ 140. “ಒಳಗೆ ಹೋಗೋದೇ 140 ವ್ಯಾಟ್ ಆದ್ರೆ ಹೊರಗೆ 240 ಹೆಂಗಮ್ಮ ಬರುತ್ತೆ?” ಬರುವುದಿಲ್ಲ. ಇಂಥವು ಒಂದೊಂದು ಸ್ಪೀಕರಿಗೆ ಇಪ್ಪತ್ತು ವ್ಯಾಟಿನ ಆಸುಪಾಸು ಕೊಟ್ಟರೆ ಹೆಚ್ಚು. ವಾರ್ತೆ ಕೇಳಲು ಅದರ ಕಾಲು ಭಾಗವೂ ಬೇಡ. ಡಬ್ಬಿಯ ಮೇಲಿನ ಅಂಕಿ ನೋಡಿ ಸ್ಟೀರಿಯೊ ಕೊಳ್ಳಬೇಡಿ, ಫ್ಯೂಸ್ ನೋಡಿ.

ಆ ವಾರ ಯಜಮಾನರಿಗೆ ಬರಲಾಗಲಿಲ್ಲ. ಭಾನುವಾರ ತಿಂಡಿ ಮುಗಿಸಿ ನಾನೂ ಮಗನೂ ಕಾರಿಗಿಳಿದೆವು. ಅಪ್ಪ ಜಗಲಿಯ ಕುರ್ಚಿಯಲ್ಲಿ. ಮೊದಲ ಕೆಲಸ, ಹತ್ತನೇ ನಂಬರಿನ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಕೊಂಡಿ ಬಿಚ್ಚುವುದು. ನೀವೂ ಇಂಥ ಕೆಲಸಕ್ಕೆ ಇಳಿದರೆ ಇದೊಂದನ್ನು ಮರೆಯಬೇಡಿ. ಅಳೆಯುವಾಗ ಮಾತ್ರ ಕೊಂಡಿ ಹಾಕಿ, ಜೋಡಿಸುವಾಗ ತೆಗೆಯಿರಿ. ಬೇಜಾರಿನ ಕೆಲಸವೇ. ಆದರೆ ಪ್ಲಸ್ ತಂತಿ ಒಂದು ಸಲ ಬಾಡಿಗೆ ತಗುಲಿ ಕಿಡಿ ಹಾರಿದ್ದನ್ನು ನೋಡಿದವರಿಗೆ ಬೇಜಾರಾಗುವುದಿಲ್ಲ. ನಾನು ನೋಡಿದ್ದು ಅಂದೇ, ಅರ್ಧ ಗಂಟೆಯೊಳಗೆ.

ಹಳೆಯ ತಂತಿಗಳ ಬಣ್ಣ ನಂಬುವಂತಿರಲಿಲ್ಲ. ಯಾರ‍್ಯಾರೋ ಯಾವ್ಯಾವುದನ್ನೋ ಸೇರಿಸಿದ್ದರು. 300 ರೂಪಾಯಿಯ ಮಲ್ಟಿಮೀಟರ್ ತಂದಿದ್ದೆ. ಒಂದು ತಂತಿಯಲ್ಲಿ 12.5 ವೋಲ್ಟ್ ತೋರಿಸಿತು, ಕೀ ಇದ್ದರೂ ಇಲ್ಲದಿದ್ದರೂ. ಅದು ಹಳದಿಯ ಜೋಡಿ. ಕಪ್ಪಿಗೆ ಡ್ಯಾಷ್‌ಬೋರ್ಡಿನ ಹಿಂದಿನ ಕಬ್ಬಿಣದ ಪಟ್ಟಿಯ ಬಣ್ಣವನ್ನು ಮರಳು ಕಾಗದದಲ್ಲಿ ಉಜ್ಜಿ ಬೋಲ್ಟು ಬಿಗಿದೆವು.

ಸ್ಪೀಕರಿನ ತಂತಿ ನೋಡಿದಾಗ ಇನ್ನೊಂದು ಆಟ ಬಯಲಾಯಿತು. ಹಿಂದಿನವರು ಸ್ಪೀಕರಿಗೆ ಒಂದೊಂದೇ ತಂತಿ ಎಳೆದು, ಇನ್ನೊಂದು ತುದಿಯನ್ನು ಕಾರಿನ ಬಾಡಿಗೇ ಕಟ್ಟಿಬಿಟ್ಟಿದ್ದರು. ಹಳೇ ಕಾಲದ ಸೆಟ್ಟುಗಳಿಗೆ ಅದು ನಡೆಯುತ್ತಿತ್ತು. ಈಗಿನವಕ್ಕೆ ಹಾಗೆ ಕಟ್ಟಿದರೆ ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗುತ್ತದೆ. ಪ್ರತಿ ಸ್ಪೀಕರಿಗೂ ಎರಡೆಳೆ ತಂತಿಯೇ ಬೇಕು. ಆದ್ದರಿಂದ ಬಾಗಿಲಿನ ಕೆಳಗಿನ ಪಟ್ಟಿ ಬಿಚ್ಚಿ, ಮ್ಯಾಟಿನ ಅಡಿಯಲ್ಲಿ ಹಿಂದಿನ ತಟ್ಟೆಯವರೆಗೆ ಹೊಸ ತಂತಿ ಎಳೆದೆವು. ಲಂಗದ ನೇಫೆಯೊಳಗೆ ಲಾಡಿ ತೂರಿಸುವ ಕೆಲಸ, ಪಿನ್ನಿನ ಬದಲು ಸೈಕಲ್ ಕಡ್ಡಿ. ಮ್ಯಾಟಿನ ಅಡಿಯಲ್ಲಿ ಒಂದು ಹಳೇ ಐದು ರೂಪಾಯಿ ನಾಣ್ಯ, ಕಡಲೆಕಾಯಿ ಸಿಪ್ಪೆ ಸಿಕ್ಕವು. ನಾಣ್ಯ ಮಗನ ಪಾಲಾಯಿತು.

ಆ ದಿನದ ಸೊಗಸೆಂದರೆ ಸೆಲ್ಲಿನ ಪರೀಕ್ಷೆ. ಮಕ್ಕಳಿದ್ದರೆ ಮಾಡಿ ತೋರಿಸಿ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲು ತೆಗೆದುಕೊಂಡು, ಸ್ಪೀಕರಿನಿಂದ ಬಂದ ಎರಡು ತಂತಿಗಳಿಗೆ ಒಂದು ಕ್ಷಣ ಮುಟ್ಟಿಸಬೇಕು. ‘ಟಕ್’ ಎನ್ನುತ್ತದೆ. ಆಗ ಸ್ಪೀಕರಿನ ಕಾಗದ ಹೊರಕ್ಕೆ ಉಬ್ಬಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ತಂತಿಯೇ ಪ್ಲಸ್, ಒಳಕ್ಕೆ ಹೋದರೆ ಉಲ್ಟಾ. ಎರಡು ಸ್ಪೀಕರಿನಲ್ಲಿ ಒಂದನ್ನು ಉಲ್ಟಾ ಕೊಟ್ಟರೆ ಇದು ಉಬ್ಬುವಾಗ ಅದು ತಗ್ಗಿ, ದಪ್ಪ ದನಿಯೆಲ್ಲ ಕರಗಿಹೋಗುತ್ತದೆ. ನಾನು ಮುಂದೆ ಸೆಲ್ಲು ಮುಟ್ಟಿಸುತ್ತಿದ್ದೆ, ಮಗ ಹಿಂದೆ ಸ್ಪೀಕರಿನ ಮೇಲೆ ಬೆರಳಿಟ್ಟು “ಹೊರಗೆ! ಒಳಗೆ!” ಎಂದು ಕೂಗುತ್ತಿದ್ದ. ಜಗಲಿಯಿಂದ ಎದ್ದು ಬಂದ ಅಪ್ಪ, “ನಾನೂ ನೋಡ್ತೀನಿ, ಕೊಡೋ” ಎಂದು ಬಲಗೈ ಬೆರಳಿಟ್ಟರು. ಟಕ್. “ನಾಡಿ ಇದೆ” ಎಂದರು.

ಉಳಿದದ್ದು ಕೆಂಪು ತಂತಿ. ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ತಂತಿ ಆ ಗೊಂಚಲಿನಲ್ಲಿ ಇರಲೇ ಇಲ್ಲ. ಗಂಟೆ ಎರಡಾಗಿತ್ತು, ಊಟವಿಲ್ಲ, ಬೆನ್ನು ಬಿದ್ದುಹೋಗಿತ್ತು. ಹಳದಿಗೂ ಕೆಂಪಿಗೂ ಬೇಕಾದದ್ದು 12 ವೋಲ್ಟೇ ತಾನೆ? ಎರಡನ್ನೂ ಒಂದೇ ಸ್ಕ್ರೂ ಕನೆಕ್ಟರಿಗೆ ಕೊಟ್ಟು ಬಿಗಿದುಬಿಟ್ಟೆ. ಬ್ಯಾಟರಿ ಕೊಂಡಿ ಹಾಕಿದಾಗ ಸ್ಟೀರಿಯೊ ನೀಲಿ ದೀಪ ಬಿಟ್ಟು ಕಣ್ಣು ತೆರೆಯಿತು. ಮಗ ಚಪ್ಪಾಳೆ ಹೊಡೆದ. ಎಫ್‌ಎಂ ಒತ್ತಿದರೆ ಬರೀ ‘ಶ್...’ ಮಳೆ. 100.6ರಲ್ಲೂ ಮಳೆ. ನನ್ನ ಎದೆ ಧಸಕ್ಕೆಂದಿತು. ಮತ್ತೆಲ್ಲ ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿಕೊಂಡೆ. ಅಪ್ಪ ಕಾರನ್ನೊಂದು ಸುತ್ತು ಬಂದು, ಗಾಜಿನ ಪಕ್ಕದ ಕಂಬದೊಳಗೆ ಅವಿತಿದ್ದ ಏರಿಯಲ್ ಕಡ್ಡಿಯನ್ನು ಹಿಡಿದು ಮೇಲಕ್ಕೆಳೆದರು. ಅಷ್ಟೇ. ಒಳಗೆ ಯಾರೋ ಸ್ಪಷ್ಟವಾಗಿ ಕೃಷಿಯ ಬಗ್ಗೆ ಮಾತನಾಡತೊಡಗಿದರು.

ಸೋಮವಾರ ಏಳೂ ಐದಕ್ಕೆ ಪ್ರದೇಶ ಸಮಾಚಾರ. ಅಪ್ಪ ಮುಂದಕ್ಕೆ ಬಾಗಿ, ಗುಂಡಿ ತಿರುಗಿಸಿ ದನಿ ಹೆಚ್ಚಿಸಿಕೊಂಡರು. ಎರಡು ನಿಮಿಷವಾಗಿರಬಹುದು, “ಮಹಾಪ್ರಾಣ ನುಂಗಿದಳು” ಎಂದರು. ಆಮೇಲೆ ಇನ್ನೊಂದು ಪದ ತಿದ್ದಿದರು. ಇಲವಾಲ ಬರುವಷ್ಟರಲ್ಲಿ ಮಾತು 1935ಕ್ಕೆ ಹೋಗಿತ್ತು. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೊ ನಿಲಯ ಶುರುಮಾಡಿದ್ದು, ‘ಆಕಾಶವಾಣಿ’ ಎಂಬ ಹೆಸರು ಅಲ್ಲೇ ಹುಟ್ಟಿದ್ದು, ಆಮೇಲೆ ಅದು ಇಡೀ ದೇಶದ ರೇಡಿಯೊಗೆ ಹೆಸರಾದದ್ದು. ನನಗೆ ಈ ಕಥೆ ಬಾಯಿಪಾಠ. ಆದರೂ ಮೊದಲ ಸಲ ಕೇಳುವವಳ ಹಾಗೆ “ಹೌದಾ ಅಪ್ಪ?” ಎಂದೆ.

ಗುರುವಾರ ಬೆಳಿಗ್ಗೆ ಕಾರು ಸ್ಟಾರ್ಟಾಗುವಾಗ ಒಂದು ಸಲ ಕೆಮ್ಮಿತು. ಚಳಿ ಎಂದುಕೊಂಡೆ.

ಮುಂದಿನ ಸೋಮವಾರ ಕೆಮ್ಮಲೂ ಇಲ್ಲ. ಕೀ ತಿರುಗಿಸಿದರೆ ‘ಟಿಕ್’ ಎಂದು ಸುಮ್ಮನಾಯಿತು. ಡ್ಯಾಷ್‌ಬೋರ್ಡಿನ ದೀಪಗಳು ಎಣ್ಣೆ ತೀರಿದ ಹಣತೆಗಳ ಹಾಗಿದ್ದವು. ಸ್ಟೀರಿಯೊದ ಗಡಿಯಾರ ಮಾತ್ರ ಮಂಕಾಗಿ ಮಿನುಗುತ್ತಿತ್ತು. ಅದನ್ನು ನೋಡಿದ ಕೂಡಲೇ ನನಗೆ ಎಲ್ಲವೂ ತಿಳಿಯಿತು. ಕೆಂಪು ತಂತಿಗೆ ಸದಾ ಕರೆಂಟು ಕೊಟ್ಟಿದ್ದರಿಂದ ಅದು ಹಗಲೂ ರಾತ್ರಿ ಎಚ್ಚರವಾಗಿಯೇ ಕೂತು ಬ್ಯಾಟರಿ ಹೀರಿತ್ತು.

ಸಮಯ ಆರೂ ಮೂವತ್ತೈದು. ಗುರುವಾರದಿಂದ ಸೋಮವಾರದವರೆಗೆ ನಾಲ್ಕು ದಿನದ ಅಂತರ. ಆ ಬೆಳಿಗ್ಗೆ ಅಪ್ಪನ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ, ಎರಡು ಮೆಟ್ಟಿಲಿಳಿದರೆ ಏದುಸಿರು. ಪಾಳಿ ತಪ್ಪಿದರೆ ಮತ್ತೆ ಯಾವಾಗ ಸಿಗುತ್ತದೋ. ನನ್ನ ಕೈ ನಡುಗಿತು. 800 ರೂಪಾಯಿ ಉಳಿಸಲು ಹೋಗಿ ಏನು ಮಾಡಿಬಿಟ್ಟೆ ಎಂದು ಸ್ಟೇರಿಂಗಿಗೆ ಹಣೆ ಒರಗಿಸಿ ಕೂತೆ. ಮಗ ಅಷ್ಟರಲ್ಲಿ ಯೂನಿಫಾರಂನಲ್ಲೇ ಬೀದಿಗೆ ಓಡಿ, ಹಾಲು ಹಾಕುವವರನ್ನೂ ಎದುರು ಮನೆಯ ಇಬ್ಬರು ಹುಡುಗರನ್ನೂ ಕರೆತಂದಿದ್ದ. ಅಪ್ಪ ಬಾಗಿಲು ತೆಗೆಯುತ್ತಿದ್ದಾರೆ! “ಭಾರ ಆಗುತ್ತೆ, ಇಳೀತೀನಿ.” “ಅಪ್ಪ, ದಮ್ಮಯ್ಯ, ಕೂತ್ಕೊಳಿ” ಎಂದು ಕೂಗಿದೆ.

ಎರಡನೇ ಗೇರ್, ಕ್ಲಚ್ ಒತ್ತಿ ಹಿಡಿದು, ತಳ್ಳಿಸಿ, ವೇಗ ಬಂದಾಗ ಕ್ಲಚ್ ಬಿಡಬೇಕು. ಮೊದಲ ಸಲ ಬೇಗ ಬಿಟ್ಟೆ, ಕಾರು ಮುಗ್ಗರಿಸಿ ನಿಂತಿತು. ಎರಡನೇ ಸಲ ಬೀದಿಯ ಇಳಿಜಾರು ಸಿಕ್ಕಿತು. ದರದರ ಎಂದು ಇಂಜಿನ್ನು ಹೊತ್ತಿಕೊಂಡಿತು. ಬ್ರೇಕಿನ ಮೇಲೆ ಕಾಲಿಡಲೂ ಭಯ, ಹಾಲಿನವರಿಗೆ ಕೈಯೆತ್ತಿ ಮುಗಿಯಲೂ ಆಗಲಿಲ್ಲ.

ಬಿಳಿಕೆರೆ. “ಏಳೂ ಐದು” ಎಂದರು ಅಪ್ಪ.

“ಇವತ್ತು ಬೇಡ ಅಪ್ಪ. ಅದರಿಂದಲೇ ಬ್ಯಾಟರಿ ಇಳಿದಿದ್ದು.” ಸ್ವಲ್ಪ ಹೊತ್ತು ಬಿಟ್ಟು, “ಅದರಿಂದ ಅಲ್ಲ, ನನ್ನಿಂದ. ಎರಡು ತಂತಿ ಒಂದೇ ಕಡೆ ಸೇರಿಸಿಬಿಟ್ಟಿದ್ದೆ” ಎಂದೆ.

“ತಪ್ಪು ಎಲ್ಲಿ ಅಂತ ಗೊತ್ತಾಯ್ತಾ?”

“ಗೊತ್ತಾಯ್ತು.”

“ಹಾಗಾದ್ರೆ ಅರ್ಧ ಅಂಕ” ಎಂದು ಕಣ್ಣು ಮುಚ್ಚಿ ಒರಗಿಕೊಂಡರು.

ಇಪ್ಪತ್ತು ನಿಮಿಷ ತಡವಾಗಿ ತಲುಪಿದೆವು. ನರ್ಸಮ್ಮ ಗದರಿದರು, ಆದರೆ ಮೆಷೀನು ಕೊಟ್ಟರು. ಒಂದು ಗಂಟೆ ಓಡಿದ್ದರಿಂದ ಬ್ಯಾಟರಿ ಅಷ್ಟಿಷ್ಟು ತುಂಬಿಕೊಂಡಿತ್ತು, ಸ್ಟೀರಿಯೊದ ಫ್ಯೂಸ್ ಕಿತ್ತಿಟ್ಟೆ, ಮಧ್ಯಾಹ್ನ ಕಾರು ತಾನೇ ಸ್ಟಾರ್ಟಾಯಿತು.

ಸಂಜೆ ಮಗ ಮಲ್ಟಿಮೀಟರಿನಲ್ಲಿ ಅಳೆದ. ಸ್ಟೀರಿಯೊ ಆಫ್ ಮಾಡಿದ್ದರೂ 0.2 ಆಂಪಿಯರ್ ಎಳೆಯುತ್ತಿತ್ತು. ಗುರುವಾರ ಮಧ್ಯಾಹ್ನದಿಂದ ಸೋಮವಾರ ಬೆಳಗಿನವರೆಗೆ ಸುಮಾರು 90 ಗಂಟೆ. 18 ಆಂಪಿಯರ್-ಅವರ್. ನಮ್ಮ ಬ್ಯಾಟರಿ 35ರದ್ದು, ಅದೂ ಮೂರು ವರ್ಷ ಹಳೆಯದು. ಅವನು ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದು ತಾತನಿಗೆ ತೋರಿಸಿದ. ಆಮೇಲೆ ನಾನು ಹುಡುಕುತ್ತಿದ್ದ ತಂತಿಯೂ ಸಿಕ್ಕಿತು. ಗೂಡಿನಿಂದ ಒಂದು ಗೇಣು ಕೆಳಗೆ, ಮೊಬೈಲ್ ಚಾರ್ಜರ್ ಸಿಕ್ಕಿಸುವ ತೂತಿನ ಹಿಂದೆ. ಕೀ ತೆಗೆದರೆ ಆ ಚಾರ್ಜರ್ ಕೆಲಸ ಮಾಡುವುದಿಲ್ಲ ಎಂಬುದು ವಾರಕ್ಕೆರಡು ಸಲ ಆಸ್ಪತ್ರೆಯ ಮುಂದೆ ಕಾರಿನಲ್ಲಿ ಕೂರುವ ನನಗೆ ಗೊತ್ತಿರಲಿಲ್ಲವೆ! ಕೆಂಪನ್ನು ಅಲ್ಲಿಗೆ, ನಡುವೆ ಒಂದು ಸಣ್ಣ ಫ್ಯೂಸ್ ಹಾಕಿ ಕೊಟ್ಟೆ. ಈಗ ಹಳದಿಯ ಕೆಲಸ ಗಡಿಯಾರವನ್ನೂ ಸ್ಟೇಷನ್ನನ್ನೂ ನೆನಪಿಟ್ಟುಕೊಳ್ಳುವುದು ಮಾತ್ರ, ಅದಕ್ಕೆ ತಗಲುವುದು ತೀರಾ ಅತ್ಯಲ್ಪ. ಕೆಂಪಿನ ಕೆಲಸ ಎಬ್ಬಿಸುವುದು, ಮಲಗಿಸುವುದು.

ಹಾಲಿನವರಿಗೆ ಹಬ್ಬಕ್ಕೆ ಒಂದು ಶರ್ಟು ಹೊಲಿದುಕೊಟ್ಟೆ. ಪೆಪ್ಪರ್‌ಮೆಂಟಿನ ಡಬ್ಬಿ ಈಗ ಎಡಗಡೆ ಬಾಗಿಲಿನ ಜೇಬಿನಲ್ಲಿದೆ. ಅಪ್ಪ ಅದನ್ನು ಬಲಗೈಯಲ್ಲಿ ತೆಗೆದುಕೊಳ್ಳಲು ಪೂರ್ತಿ ತಿರುಗಬೇಕಾಗುತ್ತದೆ, ಅದಕ್ಕೊಂದು ದಾರಿ ಹುಡುಕಬೇಕು.

ಇದಾಗಿ ಮೂರು ತಿಂಗಳು. ಕೀ ತಿರುಗಿಸಿದರೆ 100.6 ತಾನಾಗಿಯೇ ಬರುತ್ತದೆ. ವಾಪಸ್ಸು ಬರುವಾಗ ಅಪ್ಪ ಈಗಲೂ ನಿದ್ದೆ ಮಾಡುತ್ತಾರೆ. ದನಿ ತಗ್ಗಿಸುತ್ತಾರೆ, ಆಫ್ ಮಾಡಲು ಬಿಡುವುದಿಲ್ಲ. ಕಳೆದ ಗುರುವಾರ ನಿದ್ದೆಯೆಂದುಕೊಂಡಿದ್ದವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಹಿಂದಿನ ಎಡಗಡೆ ಸ್ಪೀಕರು ಸ್ವಲ್ಪ ಕರಕರ ಅನ್ನುತ್ತೆ. ಭಾನುವಾರ ಬಿಚ್ಚಿ ನೋಡು.”